ಕಂದೀಲಿನ ಗಾಜು, ಮುಳುಗಿದ ಕಣಿವೆ

ಹಳೆಯ ಗಾಜಿನ ಕಂದೀಲುಗಳಿಗೆ ಈಗ ಬೆಲೆ ಬಂದಿದೆ. ಗಾಜಿನ ಬುಡ್ಡಿ, ಹಿತ್ತಾಳೆಯ ತಿರುಪು, ನೀಳವಾದ ಬುರುಡೆಯುಳ್ಳ ದೀಪಗಳು ಪಟ್ಟಣದ ಶ್ರೀಮಂತರ ಮನೆಗಳಲ್ಲಿಯೂ ಮಲೆನಾಡಿನ ರೆಸಾರ್ಟುಗಳಲ್ಲಿಯೂ ಅಲಂಕಾರಕ್ಕೆ ಕುಳಿತಿವೆ. ಒಳಗೆ ಉರಿಯುವುದು ವಿದ್ಯುತ್ ಬಲ್ಬು. ದೀಪವನ್ನು ಕೊಂಡವರು ದೀಪದ ಚರಿತ್ರೆಯನ್ನು ಮಾತ್ರ ಕೊಳ್ಳಲಿಲ್ಲ.

ಆ ಚರಿತ್ರೆ ಹೆಸರುಗಳಲ್ಲಿಯೇ ಇದೆ. ಕಲಬುರಗಿಯ ಶಹಾಬಜಾರದಿಂದ ಕಮಲಾಪುರದ ಹಳ್ಳಿಗಳವರೆಗೆ ಜನ ಆಡುವ ‘ಕಂದೀಲು’ ಅರಬ್ಬಿ ಮೂಲದ್ದು. ‘ಚಿಮಣಿ’, ‘ಲಾಟೀನು’ ಇಂಗ್ಲಿಷಿನಿಂದ ಬಂದವು. ಹಣತೆ ಮಾತ್ರ ಮನೆಯದು. ಅದರ ಎಣ್ಣೆ ಹೊಲದ ಔಡಲ, ಕುಸುಬೆಗಳಿಂದ, ಬದುವಿನ ಹೊಂಗೆಯಿಂದ ಬರುತ್ತಿತ್ತು, ಗಾಣವೂ ಊರಿನದೇ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತೈಲಬಾವಿ ಕೊರೆದ ಬಳಿಕ ಈ ವ್ಯವಸ್ಥೆ ಕದಡಿತು. ಅಮೆರಿಕ, ರಷ್ಯಾ, ಬರ್ಮಾಗಳ ಎಣ್ಣೆ ಹಳ್ಳಿಯ ಸಂತೆಗೆ ಬಂದಿತು. ಸೀಮೆಎಣ್ಣೆ ಎಂದರೆ ಪರದೇಶದ ಎಣ್ಣೆ ಎಂದೇ ಅರ್ಥ. ಕತ್ತಲೆ ಕಳೆಯುವ ಅಧಿಕಾರ ಅಂದೇ ಊರಿನ ಕೈತಪ್ಪಿತು.

ಹಾಗೆಂದು ಕಂದೀಲಿನ ಕಾಲ ಮರಳಲಿ ಎನ್ನುವುದು ಕ್ರೌರ್ಯ. ಅದರ ಹೊಗೆ ಹೆಂಗಸರ, ಮಕ್ಕಳ ಎದೆಯನ್ನು ಸೇರಿದೆ. ಉರುಳಿದ ಬುಡ್ಡಿ ಗುಡಿಸಲುಗಳನ್ನು ಸುಟ್ಟಿದೆ. ಆದರೂ ಆ ದೀಪಕ್ಕೊಂದು ಪ್ರಾಮಾಣಿಕತೆಯಿತ್ತು. ಎಣ್ಣೆ ಎಷ್ಟು ಉಳಿದಿದೆಯೆಂದು ಗಾಜಿನಾಚೆಯಿಂದಲೇ ಕಾಣುತ್ತಿತ್ತು. ಓದು ಮುಗಿದೊಡನೆ ಮನೆಯವರು ಬತ್ತಿ ತಗ್ಗಿಸುತ್ತಿದ್ದರು. ವಿದ್ಯುತ್ತಿನ ಗುಂಡಿ ಏನನ್ನೂ ಕಾಣಗೊಡುವುದಿಲ್ಲ.

ಅದು ಮರೆಮಾಚಿದ್ದೇನು? 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ, ಹಳ್ಳಿಯ ಮನೆಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ಕಣಿವೆಯನ್ನು ಮುಳುಗಿಸಿತು. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡನ್ನು ಬೆಳಗಿತು; ನೆಲ ಕಳೆದುಕೊಂಡ ಎಷ್ಟೋ ಕುಟುಂಬಗಳು ದಶಕಗಳ ಕಾಲ ಚಿಮಣಿಯ ಬುಡದಲ್ಲಿಯೇ ಉಳಿದವು. ದೀಪದ ಕೆಳಗೆ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ಕಣಿವೆಯ ಮೇಲೆ ಈಗ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ತೂಗುಗತ್ತಿ. ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಡುವುದು ಇದರ ಕ್ರಮ. ಇಂಥ ಯೋಜನೆ ಕೊಡುವ ವಿದ್ಯುತ್ತಿಗಿಂತ ನುಂಗುವುದೇ ಹೆಚ್ಚು. ಸಂಜೆಯ ಕೆಲವು ತಾಸುಗಳಿಗಾಗಿ ಸಿಂಗಳೀಕಗಳ ಕಾಡು ಬಲಿಯಾಗಬೇಕೆ?

ಕಲಬುರಗಿಯ ಬಿರುಬೇಸಿಗೆಯಲ್ಲಿ ಫ್ಯಾನು ತಿರುಗಬಾರದೆಂದು ಮಲೆನಾಡಿನವರು ಹೇಳುತ್ತಿಲ್ಲ. ಬಡವರ ಮನೆಯ ದೀಪವೂ ಇಲ್ಲಿ ಆಪಾದಿತನಲ್ಲ. 60 ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಹೀಗೆ ಬಡಮನೆಗಳಲ್ಲಿ ಉಳಿದದ್ದನ್ನು ನಗರಗಳ ಜಾಹೀರಾತು ಫಲಕಗಳೂ ರಾತ್ರಿಯಿಡೀ ಉರಿಯುವ ಮಾಲುಗಳೂ ಬಾಚಿಕೊಳ್ಳುತ್ತಿವೆ. ಆ ದುಂದಿಗೆ ‘ನಾಡಿನ ಅಗತ್ಯ’ವೆಂದು ಹೆಸರಿಡುವುದು ವಂಚನೆ.

ಬಯಲುಸೀಮೆಯ ಮೇಲೆ ಸುರಿಯುವ ಬಿಸಿಲು ಮಾಳಿಗೆಗಳ ಮೇಲೆಯೇ ವಿದ್ಯುತ್ತಾಗಬಲ್ಲದು. ಅದನ್ನು ಬ್ಯಾಟರಿಗಳಲ್ಲಿ ಕೂಡಿಡಬಹುದು. ಹಣತೆಯ ಎಣ್ಣೆ ಊರಿನಲ್ಲಿ ಹುಟ್ಟಿದಂತೆ ಬೆಳಕೂ ಮತ್ತೆ ಊರಿನಲ್ಲಿ ಹುಟ್ಟಲಿ. ಮಲೆನಾಡಿನ ಗ್ರಾಮಸಭೆಗಳೂ ಬಯಲುಸೀಮೆಯ ವಿದ್ಯಾರ್ಥಿಗಳೂ ಒಂದೇ ಪ್ರಶ್ನೆಯನ್ನು ಸರ್ಕಾರದ ಮುಂದಿಡಬೇಕಾಗಿದೆ: ದುಂದಿನ ಲೆಕ್ಕ ಕೊಡದೆ ಕೊಡಲಿ ಎತ್ತುವ ಹಕ್ಕು ಯಾರಿಗಿದೆ?