ಒದ್ದೆ ಹುಲ್ಲು ಮತ್ತು ನಿರಪರಾಧಿ ಯಂತ್ರ

ನಾನು ವಿಜ್ಞಾನದ ಮೇಷ್ಟ್ರಾಗಿದ್ದರೂ, ಕನ್ನಡ ಪಂಡಿತರು ರಜೆಯಲ್ಲಿದ್ದ ದಿನ ಅವರ ತರಗತಿಯನ್ನೂ ನೋಡಿಕೊಳ್ಳಬೇಕಾಗುತ್ತಿತ್ತು. ಅಂಥ ದಿನಗಳಲ್ಲಿ ನನಗೆ ಸುಲಭವಾಗಿ ಒದಗಿಬರುತ್ತಿದ್ದ ಕೆಲಸವೆಂದರೆ ಗಾದೆಯ ವಿಸ್ತರಣೆ. ‘ಕುಣಿಯಲಾರದವಳು ನೆಲ ಡೊಂಕೆಂದಳಂತೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಇಪ್ಪತ್ತು ಸಾಲು ಬರೆಯಿರೆಂದು ಹೇಳಿ ಕುಳಿತುಬಿಡುತ್ತಿದ್ದೆ. ನಿಮ್ಮಲ್ಲಿ ಹಲವರಿಗೆ ಇದು ನೆನಪಿರಬಹುದು. ಆ ಗಾದೆಯ ನಿಜವಾದ ವಿಸ್ತರಣೆಯನ್ನು ನಾನು ಕಂಡದ್ದು ಮಾತ್ರ ನಿವೃತ್ತನಾದ ಮೇಲೆ, 2023ರ ಮೇ ತಿಂಗಳಲ್ಲಿ, ಅಮೆರಿಕದ ಓಹಾಯೋ ರಾಜ್ಯದಲ್ಲಿರುವ ಮಗಳ ಮನೆಯ ಹಿತ್ತಿಲಿನಲ್ಲಿ.

ಆ ಮನೆಯ ಸುತ್ತ ಸುಮಾರು ಒಂದು ಎಕರೆ ಜಾಗವಿದೆ. ಅಷ್ಟೂ ಹುಲ್ಲು. ಅದನ್ನು ಕತ್ತರಿಸಲು ಪುಟ್ಟ ಟ್ರ್ಯಾಕ್ಟರಿನಂತೆ ಕುಳಿತು ಓಡಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದಾರೆ. ಅಲ್ಲಿಯವರು ಅದನ್ನು ರೈಡಿಂಗ್ ಮೋವರ್ ಎನ್ನುತ್ತಾರೆ. ಯಂತ್ರದ ಹೊಟ್ಟೆಯ ಕೆಳಗೆ ಬೋರಲು ಹಾಕಿದ ತಟ್ಟೆಯಂಥ ಒಂದು ಭಾಗವಿದೆ. ಅದಕ್ಕೆ ಡೆಕ್ ಎಂದು ಹೆಸರು. ಅದರೊಳಗೆ ಎರಡು ಅಲಗುಗಳು ತಿರುಗುತ್ತವೆ. ಕತ್ತರಿಸಿದ ಹುಲ್ಲು ಪಕ್ಕದ ಬಾಯಿಯಿಂದ ಹೊರಗೆ ಚಿಮ್ಮಬೇಕು. ವಾರವಿಡೀ ಮಳೆ ಸುರಿದಿತ್ತು. ಶನಿವಾರ ಬೆಳಿಗ್ಗೆ ಮಳೆ ನಿಂತೊಡನೆ ಅಳಿಯಂದಿರು ಯಂತ್ರವನ್ನೇರಿ ಹೊರಟರು. ಹತ್ತು ಮಾರು ದೂರ ಹೋಗುವಷ್ಟರಲ್ಲಿ ಡೆಕ್ಕಿನ ಬಾಯಿ ಕಟ್ಟಿಕೊಂಡಿತು. ಇಳಿದು, ಬಗೆದು, ಮತ್ತೆ ಏರಿದರು. ಮತ್ತೆ ಕಟ್ಟಿಕೊಂಡಿತು. ಐದನೆಯ ಸಲಕ್ಕೆ, “ಈ ದರಿದ್ರ ಯಂತ್ರವೇ ಸರಿಯಿಲ್ಲ ಮಾವ” ಎಂದು ತೀರ್ಪು ಕೊಟ್ಟರು.

ಅಂದು ಸಂಜೆ ಅಳಿಯಂದಿರ ಕನ್ನಡಿಗ ಸ್ನೇಹಿತರು ಮೂರ್ನಾಲ್ಕು ಮಂದಿ ಊಟಕ್ಕೆ ಬಂದಿದ್ದರು. ಎಲ್ಲರೂ ಓದಿದವರು, ಒಳ್ಳೆಯ ಹುದ್ದೆಗಳಲ್ಲಿರುವವರು. ಪರಿಹಾರಗಳ ಸುರಿಮಳೆಯೇ ಆಯಿತು. ಹೆಚ್ಚು ಅಶ್ವಶಕ್ತಿಯ ಹೊಸ ಯಂತ್ರವನ್ನು ಕೊಳ್ಳಿರಿ ಎಂದರು ಒಬ್ಬರು. ಡೆಕ್ಕಿನ ಒಳಮೈಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಹುಲ್ಲು ಜಾರಿಹೋಗುತ್ತದೆ ಎಂದರು ಇನ್ನೊಬ್ಬರು. ಹುಲ್ಲು ಹೊರಬೀಳುವ ಬಾಯಿಗೆ ಬಾಗಿಲಿನಂತೆ ಇಳಿಬಿದ್ದಿರುವ ಪ್ಲಾಸ್ಟಿಕ್ ತಡೆಯನ್ನು ತಂತಿಯಿಂದ ಮೇಲೆತ್ತಿ ಕಟ್ಟಿಬಿಡಿ ಎಂದು ಮೂರನೆಯವರ ಸಲಹೆ. ನಾಲ್ಕನೆಯವರು ಒಂದು ಹೆಜ್ಜೆ ಮುಂದೆ ಹೋಗಿ, ಆಸನದಿಂದ ಎದ್ದಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನೇ ತಪ್ಪಿಸಿ ವೈರು ಜೋಡಿಸಿದರೆ ಪ್ರತಿ ಸಲ ಚಾಲೂ ಮಾಡುವ ತಾಪತ್ರಯವಿಲ್ಲವೆಂದರು. ನಾಲ್ಕು ಪರಿಹಾರಗಳು ಬಂದವು. ‘ಏಕೆ ಕಟ್ಟಿಕೊಳ್ಳುತ್ತದೆ?’ ಎಂಬ ಒಂದು ಪ್ರಶ್ನೆ ಮಾತ್ರ ಬರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಕಾರಣವನ್ನು ಕೇಳದೆ ಪರಿಹಾರಕ್ಕೆ ಕೈಹಾಕುವುದು ಬರಿಯ ದಡ್ಡತನವಲ್ಲ. ಈ ಪ್ರಕರಣದಲ್ಲಿ ಅದು ಅಪರಾಧಕ್ಕೆ ಸಮೀಪವಾದುದು.

ಕಾರಣವೇನೂ ಗೂಢವಲ್ಲ. ಕಣದಲ್ಲಿ ಭತ್ತ ತೂರುವುದನ್ನು ಕಂಡವರೆಲ್ಲರಿಗೂ ಅದು ತಿಳಿಯುತ್ತದೆ. ಈ ಯಂತ್ರದ ಅಲಗು ಹುಲ್ಲನ್ನು ಕತ್ತರಿಸುವುದಷ್ಟೇ ಅಲ್ಲ, ಗಾಳಿಯನ್ನೂ ಬೀಸುತ್ತದೆ. ಅಲಗಿನ ಹಿಂಬದಿ ಅಂಚು ರೆಕ್ಕೆಯಂತೆ ಮೇಲಕ್ಕೆ ಬಾಗಿರುತ್ತದೆ. ಆ ರೆಕ್ಕೆ ಎಬ್ಬಿಸುವ ಗಾಳಿಯೇ ಹುಲ್ಲನ್ನು ನಿಮಿರಿಸಿ ಅಲಗಿಗೆ ಒಡ್ಡುವುದು. ತುಂಡಾದುದನ್ನು ಎತ್ತಿ ಹೊರಗೆ ಎಸೆಯುವುದೂ ಅದೇ ಗಾಳಿ. ಒದ್ದೆ ಹುಲ್ಲಾದರೋ ಭಾರ, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ, ತಗಡಿಗೂ ಮೆತ್ತಿಕೊಳ್ಳುತ್ತದೆ. ಗಾಳಿಯಿಂದ ಅದು ಏಳಲಾರದು. ಒದ್ದೆ ಭತ್ತವನ್ನು ತೂರಲು ಹೊರಟು ಗಾಳಿಯನ್ನು ಬೈಯುವ ರೈತನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಸ್ನೇಹಿತರೊಬ್ಬರು, “ನಮ್ಮಜ್ಜಿ ಮಲೆನಾಡಿನಲ್ಲಿ ಜಡಿಮಳೆಯಲ್ಲೇ ದನಕ್ಕೆ ಹುಲ್ಲು ಕೊಯ್ದು ತರುತ್ತಿದ್ದರಲ್ಲ ಸಾರ್?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಜ್ಜಿಯ ಕೈಯಲ್ಲಿದ್ದುದು ಕುಡುಗೋಲು. ಅವರು ಹುಲ್ಲನ್ನು ಹಿಡಿದು ಕೊಯ್ಯುತ್ತಿದ್ದರು, ಹೊರೆ ಕಟ್ಟಿ ಹೊರುತ್ತಿದ್ದರು. ಗಾಳಿಯ ಹಂಗು ಅವರಿಗಿರಲಿಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಮೊದಲ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸುವ ಮುನ್ನ, ಅಲ್ಲಿಯೂ ಉದ್ದ ಹಿಡಿಯ ಕತ್ತಿಯಿಂದ ಇಬ್ಬನಿ ಆರುವ ಮೊದಲೇ ಹುಲ್ಲು ಕೊಯ್ಯುತ್ತಿದ್ದರು. ಆ ಕತ್ತಿಗೆ ಒದ್ದೆ ಹುಲ್ಲೇ ಹದ. ಉಪಕರಣ ಬದಲಾದಾಗ ಹೊತ್ತೂ ಬದಲಾಗಬೇಕು. ಯಂತ್ರವನ್ನು ಕೊಂಡವರು ಅದರ ಸ್ವಭಾವವನ್ನೂ ಕೊಂಡಿರುತ್ತಾರೆಂಬುದನ್ನು ಮರೆಯಬಾರದು.

ಮರುದಿನ ನಾನೂ ಅಳಿಯಂದಿರೂ ಯಂತ್ರವನ್ನು ಪರೀಕ್ಷಿಸಿದೆವು. ಮೊದಲು ಎಂಜಿನ್ ಆರಿಸಿ, ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿದೆವು. ಈ ಕ್ರಮದಲ್ಲಿ ಒಂದನ್ನೂ ಬಿಡತಕ್ಕದ್ದಲ್ಲ. ಡೆಕ್ಕನ್ನು ಕೀಲುಗಳಿಂದ ಬಿಡಿಸಿ ಹೊರಗೆಳೆದು ಮಗುಚಿದೆವು. ಬರಿಯ ಜಾಕಿನ ಮೇಲೆ ಯಂತ್ರವನ್ನೆತ್ತಿ ಅದರಡಿಗೆ ತೂರುವ ಸಾಹಸ ಬೇಡ. ಕಂಡ ದೋಷಗಳು ನಾಲ್ಕು.

ಮೊದಲನೆಯದು, ಡೆಕ್ಕಿನ ಒಳಮೈಯಲ್ಲಿ ಹಿಂದಿನ ವರ್ಷಗಳ ಹುಲ್ಲು ಬೆರಣಿಯಂತೆ ಒಂದು ಇಂಚು ದಪ್ಪ ಮೆತ್ತಿ ಒಣಗಿತ್ತು. ಗಾಳಿ ಸುತ್ತಬೇಕಾದ ಜಾಗವನ್ನೇ ಅದು ನುಂಗಿತ್ತು. ಎರಡನೆಯದು, ಅಲಗು ಮೊಂಡಾಗಿತ್ತು. ಮೊಂಡು ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ. ಕತ್ತರಿಸಿದ ಹುಲ್ಲಿನ ತುದಿ ಸಿಗುರಾಗಿ ಎರಡು ದಿನದಲ್ಲಿ ಕಂದುಬಣ್ಣಕ್ಕೆ ತಿರುಗುವುದೇ ಅದರ ಸಾಕ್ಷಿ. ಮೂರನೆಯದು, ಪೆಟ್ರೋಲು ಉಳಿಸುವ ಸಲುವಾಗಿ ಅಳಿಯಂದಿರು ಥ್ರಾಟಲನ್ನು ಅರ್ಧಕ್ಕೆ ಇಟ್ಟು, ಯಂತ್ರವನ್ನು ಮಾತ್ರ ವೇಗವಾಗಿ ಓಡಿಸುತ್ತಿದ್ದರು. ಮಾಡಬೇಕಾದುದು ಇದಕ್ಕೆ ತದ್ವಿರುದ್ಧ: ಎಂಜಿನ್ ಪೂರ್ಣ ವೇಗದಲ್ಲಿರಬೇಕು, ಚಕ್ರಗಳು ನಿಧಾನವಾಗಿ ಉರುಳಬೇಕು. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಹುಲ್ಲು ಆರು ಇಂಚು ಬೆಳೆದಿತ್ತು, ಅಲಗನ್ನು ಎರಡು ಇಂಚಿಗೆ ಇಳಿಸಿದ್ದರು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬುದು ಹುಲ್ಲು ಬೆಳೆಸುವವರ ಹಳೆಯ ನಿಯಮ. ಅಂದರೆ ಎರಡು ಇಂಚು ತೆಗೆಯಬೇಕಾದಲ್ಲಿ ನಾಲ್ಕು ಇಂಚು. ಡೆಕ್ಕಿಗೆ ನಾವು ಉಣಿಸಿದ್ದು ಎರಡು ಪಟ್ಟು, ಅದೂ ಒದ್ದೆಯದು. ಅಜೀರ್ಣವಾದುದರಲ್ಲಿ ಆಶ್ಚರ್ಯವೇನು?

ಈಗ ಆ ನಾಲ್ಕು ಪರಿಹಾರಗಳನ್ನು ನೋಡೋಣ. ಹೊಸ ಯಂತ್ರವನ್ನು ಕೊಂಡಿದ್ದರೆ, ಅದರ ಡೆಕ್ಕು ಖಾಲಿಯಿರುವುದರಿಂದ ಮತ್ತು ಅಲಗು ಹರಿತವಾಗಿರುವುದರಿಂದ ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತಿತ್ತು. ಎಲ್ಲರೂ ಅಶ್ವಶಕ್ತಿಯನ್ನು ಹೊಗಳುತ್ತಿದ್ದರು. ಮೂರನೆಯ ವರ್ಷ ಅದೇ ರೋಗ, ಅದೇ ಬೈಗುಳ. ಸ್ಪ್ರೇಯ ಮಾತು: ಕೆರೆದು ತೊಳೆದು ಒಣಗಿಸಿದ ತಗಡಿಗೆ ಹೊಡೆದರೆ ಸ್ವಲ್ಪ ಹೊತ್ತು ಪ್ರಯೋಜನವುಂಟು. ಒಂದಿಂಚು ಬೆರಣಿಯ ಮೇಲೆ ಹೊಡೆದರೆ ಸಗಣಿಗೆ ಸುಗಂಧ ಪೂಸಿದಂತೆ.

ಉಳಿದೆರಡು ಪರಿಹಾರಗಳ ವಿಷಯದಲ್ಲಿ ನನಗೆ ನಗು ಬರುವುದಿಲ್ಲ. ನಿಮಗೆ ಒಂದು ಲೆಕ್ಕ ಕೊಡುತ್ತೇನೆ. ಅಲಗಿನ ಉದ್ದ 21 ಇಂಚು. ನಿಮಿಷಕ್ಕೆ 3000 ಸುತ್ತು. ತುದಿಯ ವೇಗವೆಷ್ಟು? ಪರಿಧಿಯನ್ನು ಸುತ್ತಿನಿಂದ ಗುಣಿಸಿರಿ: ಗಂಟೆಗೆ ಸುಮಾರು 300 ಕಿಲೋಮೀಟರ್ ಬರುತ್ತದೆ. ಆ ವೇಗದ ಅಲಗಿಗೆ ಹುಲ್ಲಿನ ನಡುವೆ ಅಡಗಿದ ಒಂದು ಬೆಣಚುಕಲ್ಲು ಸಿಕ್ಕಿದರೆ ಅದನ್ನು ನೆಲಕ್ಕೆ ಬಗ್ಗಿಸುವುದಕ್ಕೆಂದೇ ಆ ಪ್ಲಾಸ್ಟಿಕ್ ತಡೆ ಇರುವುದು. ನಾನು ಮುಚ್ಚಿಡುವುದಿಲ್ಲ: ಅಳಿಯಂದಿರು ಶನಿವಾರ ಮಧ್ಯಾಹ್ನವೇ, ಸ್ನೇಹಿತರು ಬರುವ ಮುನ್ನವೇ, ಯಾರೋ ಫೋನಿನಲ್ಲಿ ಹೇಳಿದರೆಂದು ಅದನ್ನು ತಂತಿಯಿಂದ ಎತ್ತಿ ಕಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲೇ ‘ಟಪ್’ ಎಂಬ ಸದ್ದಾಯಿತು. ಗ್ಯಾರೇಜಿನ ಹಲಗೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಗುಂಡಿ. ಆರು ವರ್ಷದ ಮೊಮ್ಮಗ ಆ ಗೋಡೆಯಿಂದ ನಾಲ್ಕು ಮಾರು ದೂರದಲ್ಲಿ ಸೈಕಲ್ ತುಳಿಯುತ್ತಿದ್ದ. ಅಂದು ರಾತ್ರಿ ಊಟದ ಹೊತ್ತಿಗೆ ಅದೇ ಸಲಹೆ ಮತ್ತೊಮ್ಮೆ ಬಂದಾಗ ಅಳಿಯಂದಿರು ತಲೆತಗ್ಗಿಸಿ ಕುಳಿತಿದ್ದರು. ನಾನು ಅನ್ನ ಬಿಟ್ಟು ಎದ್ದೆ.

ಆಸನದ ಸ್ವಿಚ್ಚಿನ ಮಾತೂ ಹಾಗೆಯೇ. ಎಂಜಿನ್ ನಡೆಯುತ್ತಿರುವಾಗ ಕಟ್ಟಿಕೊಂಡ ಬಾಯಿಗೆ ಕೈಯನ್ನಾಗಲಿ ಕಾಲನ್ನಾಗಲಿ ಒಡ್ಡದಂತೆ ಕಾಯುವುದಕ್ಕೆ ಅದು ಇದೆ. ಅಮೆರಿಕದಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ಜನ ಹುಲ್ಲು ಕತ್ತರಿಸುವ ಯಂತ್ರಗಳಿಂದ ಗಾಯಗೊಂಡು ಆಸ್ಪತ್ರೆಗೆ ಬರುತ್ತಾರೆ. ಹುಲ್ಲು ಮತ್ತೆ ಬೆಳೆಯುತ್ತದೆ. ಬೆರಳು ಬೆಳೆಯುವುದಿಲ್ಲ.

“ಶನಿವಾರ ಬಿಟ್ಟರೆ ಪುರುಸೊತ್ತಿಲ್ಲ, ಹುಲ್ಲು ಬೆಳೆದರೆ ಅಕ್ಕಪಕ್ಕದವರು ಏನೆಂದಾರು?” ಎಂಬುದು ಮಗಳ ವಾದ. ಇದನ್ನು ನಾನು ತಳ್ಳಿಹಾಕುವುದಿಲ್ಲ. ದುಡಿಯುವವರ ಕಷ್ಟ ನಿಜ. ಆದರೆ ಅಲ್ಲಿನ ಅನೇಕ ಊರುಗಳಲ್ಲಿ ನೋಟೀಸು ಬರುವುದು ಹುಲ್ಲು ಎಂಟು, ಹತ್ತು ಇಂಚು ಮೀರಿದಾಗ. ನಾಲ್ಕಕ್ಕೂ ಎಂಟಕ್ಕೂ ನಡುವೆ ಬೇಕಾದಷ್ಟು ಅವಕಾಶವಿದೆ. ಮೇ ಕೊನೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯ ತನಕ ಬೆಳಕಿರುತ್ತದೆ. ಬಿಸಿಲು ಬಿದ್ದು ಆರಿದ ಸೋಮವಾರದ ಸಂಜೆ ಏನು ಪಾಪ ಮಾಡಿದೆ? ಹುಲ್ಲಿಗೆ ವಾರಗಳ ಹೆಸರು ಗೊತ್ತಿಲ್ಲ. ಮೇಲಾಗಿ ಒದ್ದೆ ನೆಲದಲ್ಲಿ ಭಾರದ ಚಕ್ರಗಳು ಮಣ್ಣನ್ನು ಅದುಮಿ ಗಟ್ಟಿಮಾಡುತ್ತವೆ. ಇಳಿಜಾರಿನಲ್ಲಿ ಜಾರಿ ಯಂತ್ರವೇ ಮಗುಚುವ ಭಯವೂ ಉಂಟು.

ಹತ್ತು ದಿನ ಬಿಡದೆ ಮಳೆ ಹಿಡಿದರೆ? ಆಗಲೂ ದಾರಿಯಿದೆ. ಕೆಸರಿಲ್ಲದ ಸಮತಟ್ಟು ಜಾಗವನ್ನಷ್ಟೇ ಆರಿಸಿಕೊಳ್ಳಿರಿ. ಡೆಕ್ಕನ್ನು ಅತಿ ಎತ್ತರಕ್ಕೆ ಇಡಿರಿ. ಎಂಜಿನ್ ಪೂರ್ಣ ವೇಗದಲ್ಲಿರಲಿ, ನಡೆ ಆಮೆಯದಿರಲಿ. ಡೆಕ್ಕಿನ ಅರ್ಧ ಅಗಲದಷ್ಟೇ ಹುಲ್ಲನ್ನು ಒಂದು ಸಲಕ್ಕೆ ತೆಗೆದುಕೊಳ್ಳಿರಿ. ಹುಲ್ಲು ತುಂಬುವ ಚೀಲವನ್ನಾಗಲಿ, ಬಾಯಿ ಮುಚ್ಚಿ ಒಳಗೇ ನುರಿಸುವ ಸಾಧನವನ್ನಾಗಲಿ ಅಂದು ಜೋಡಿಸಬೇಡಿರಿ. ಪಕ್ಕಕ್ಕೆ ಚಿಮ್ಮಲು ಬಿಡಿರಿ. ಎರಡು ದಿನ ಬಿಟ್ಟು, ಒಣಗಿದ ಮೇಲೆ ಬೇಕಾದ ಎತ್ತರಕ್ಕೆ ಇನ್ನೊಮ್ಮೆ ಕತ್ತರಿಸಿರಿ. ಗುಪ್ಪೆಯಾಗಿ ಬಿದ್ದುದನ್ನು ಕುಂಟೆಕೋಲಿನಿಂದ ಹರಡಿರಿ. ಇಲ್ಲವಾದರೆ ಕೆಳಗಿನ ಹುಲ್ಲು ಉಸಿರುಕಟ್ಟಿ ಹಳದಿಯಾಗುತ್ತದೆ. ತೆಳ್ಳಗೆ ಹರಡಿದರೆ ಅದೇ ಗೊಬ್ಬರ. ಕೆಲಸ ಮುಗಿದು ಯಂತ್ರ ತಣ್ಣಗಾದೊಡನೆ ಡೆಕ್ಕನ್ನು ಮರದ ಚಕ್ಕೆಯಿಂದ ಕೆರೆಯಿರಿ. ಇಷ್ಟಾದರೂ ಕಟ್ಟಿಕೊಂಡರೆ ಬೆಲ್ಟು ಸಡಿಲವಾಗಿದೆಯೇ, ಅಲಗನ್ನು ತಲೆಕೆಳಗಾಗಿ ಜೋಡಿಸಲಾಗಿದೆಯೇ ಎಂದು ನೋಡಿರಿ. ರೆಕ್ಕೆ ಡೆಕ್ಕಿನ ಕಡೆಗೆ ಮೇಲ್ಮುಖವಾಗಿರಬೇಕು. ಯಂತ್ರವನ್ನು ಬೈಯುವ ಹಕ್ಕು ನಿಮಗೆ ಒದಗುವುದು ಇದೆಲ್ಲ ಆದ ಮೇಲೆ.

ಇಷ್ಟು ಖಾರವಾಗಿ ಬರೆದವನು ತನ್ನ ತಪ್ಪನ್ನೂ ಒಪ್ಪಬೇಕು. ಫೆಬ್ರವರಿ ಬಂತೆಂದರೆ ಪಾಠ ಮುಗಿಸುವ ಆತುರದಲ್ಲಿ ನಾನು ಒಂದೇ ವಾರದಲ್ಲಿ ವಿದ್ಯುತ್ತು, ಬೆಳಕು, ಕಾಂತತ್ವ ಮೂರನ್ನೂ ನಿಮ್ಮ ಮೇಲೆ ಸುರಿದದ್ದುಂಟು. ತಿಳಿಯದೆ ಮುಖ ನೋಡುತ್ತಿದ್ದವರಿಗೆ, “ನಿನ್ನ ತಲೆಗೆ ಏನೂ ಹತ್ತುವುದಿಲ್ಲ” ಎಂದಿದ್ದೇನೆ. ಅಂದು ಡೊಂಕಾಗಿದ್ದುದು ನೆಲವಲ್ಲ. ಆ ಮಾತನ್ನು ಕೇಳಿಸಿಕೊಂಡವರು ಇದನ್ನು ಓದುತ್ತಿದ್ದರೆ, ಮೇಷ್ಟ್ರು ತಡವಾಗಿಯಾದರೂ ಕಾರಣವನ್ನು ಕಂಡುಕೊಂಡರೆಂದು ತಿಳಿಯಿರಿ.

ಅಳಿಯಂದಿರು ಅದೇ ಭಾನುವಾರ ತಂತಿಯನ್ನು ಬಿಚ್ಚಿ ಎಸೆದರು. ಅದೇ ಹಳೆಯ ಯಂತ್ರ, ಅದೇ ಎಂಜಿನ್. ಹೊಸದಾಗಿ ಕೊಂಡದ್ದು ಅಲಗು ಉಜ್ಜಲು ಒಂದು ಅರ ಮಾತ್ರ. ಈಗಲೂ ಮಳೆಯ ವಾರಗಳಲ್ಲಿ ಫೋನು ಮಾಡಿದಾಗ, “ಶನಿವಾರ ಕತ್ತರಿಸಲಿಲ್ಲ ಮಾವ, ಇನ್ನೂ ಒದ್ದೆಯಿದೆ” ಎನ್ನುತ್ತಾರೆ. ಗೋಡೆಯ ಗುಂಡಿಯನ್ನು ಮುಚ್ಚಿಸಬೇಡಿರೆಂದು ನಾನು ಹೇಳಿದ್ದೇನೆ. ಅದು ಹಾಗೆಯೇ ಇದೆ.