ಮೃದುವೆಂದರೆ ಮೌನವಲ್ಲ

ದೆಹಲಿಯ ಪೀತಮ್‌ಪುರದಲ್ಲಿ ಕಸ್ತೂರಬಾ ಹೆಸರಿನ ಮಹಿಳಾ ಪಾಲಿಟೆಕ್ನಿಕ್ ಇತ್ತು. 2020ರಲ್ಲಿ ಸ್ಥಾಪನೆಯಾದ ದೆಹಲಿ ಕೌಶಲ ಮತ್ತು ಉದ್ಯಮಶೀಲತಾ ವಿಶ್ವವಿದ್ಯಾಲಯದ ಆವರಣಗಳಲ್ಲಿ ಇಂದು ಅದೂ ಒಂದು. ಇಂಥ ಸಂಸ್ಥೆಗಳ ಹಿಂದಿರುವ ಆಶಯ ಹೊಸದಲ್ಲ. 1990ರ ದಶಕದಲ್ಲಿ ಪುದುಚೇರಿ ಮತ್ತು ಚೆನ್ನೈಗಳಲ್ಲಿ ಆರಂಭವಾದ ಸಮುದಾಯ ಕಾಲೇಜುಗಳು, 2013ರ ಯುಜಿಸಿ ಯೋಜನೆ, ಎಲ್ಲದರ ಆಶಯವೂ ಒಂದೇ: ಓದು ಮುಗಿಸಿದವರ ಕೈಗೆ ಕೆಲಸ ಸಿಗಬೇಕು.

ಆ ಕೆಲಸದ ಬಾಗಿಲಲ್ಲಿ ಇಂದು 'ಸಾಫ್ಟ್ ಸ್ಕಿಲ್ಸ್' ಎಂಬ ಪಾಠ ನಿಂತಿದೆ. ಈ ಪದವನ್ನು 1970ರ ದಶಕದ ಆರಂಭದಲ್ಲಿ ಚಲಾವಣೆಗೆ ತಂದದ್ದು ಅಮೆರಿಕದ ಸೇನೆಯ ತರಬೇತುದಾರರು. ಯಂತ್ರ ನಡೆಸುವುದಕ್ಕಿಂತ ಬೇರೆಯಾದ, ಜನರೊಡನೆ ವ್ಯವಹರಿಸುವ ಕೆಲಸಗಳಿಗೆ ಅವರು ಕೊಟ್ಟ ಹೆಸರದು. ನಮ್ಮ ಅನೇಕ ತರಗತಿಗಳಲ್ಲಿ ಅದು ಇಂಗ್ಲಿಷಿನ ಉಚ್ಚಾರ, ಇಸ್ತ್ರಿಯ ಉಡುಪು ಮತ್ತು ಸದಾ ಮುಗುಳ್ನಗೆಗೆ ಇಳಿದುಬಿಟ್ಟಿದೆ.

ಕನ್ನಡದಲ್ಲಿ 'ನಡೆನುಡಿ' ಎನ್ನುತ್ತೇವೆ. ನಡೆ ಮೊದಲು, ನುಡಿ ಅನಂತರ. ಊರು ಬಿಟ್ಟು ದೆಹಲಿಗೆ ಬಂದ ನಮಗೆ ಇದು ಅನುಭವದ ಮಾತು. ಎಲ್ಲಿ 'ತುಮ್', ಎಲ್ಲಿ 'ಆಪ್' ಎಂಬುದನ್ನು ನಾವು ತಡವರಿಸುತ್ತಲೇ ಕಲಿತೆವು. ಆದರೆ ಭಾಷೆಗಿಂತ ಕಷ್ಟವಾದದ್ದು ಬೇರೆಯೇ ಇತ್ತು: ಮೇಲಧಿಕಾರಿಯ ಎದುರು 'ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನುವುದು, ತಪ್ಪಾದಾಗ ಮುಚ್ಚಿಡದೆ ತಿಳಿಸುವುದು, ಸಲ್ಲದ ಬೇಡಿಕೆಗೆ 'ಆಗದು' ಎನ್ನುವುದು.

ಕಲಿಸಬೇಕಾದದ್ದು ಇದನ್ನೇ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯನ್ನೇ ನೋಡಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಸಾಮಾನ್ಯವಾಗಿ ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ನಗುನಗುತ್ತ ಎಲ್ಲವನ್ನೂ ಒಪ್ಪಿಕೊಳ್ಳಲು ತರಬೇತಾದ ಹುಡುಗಿ ಆ ದೂರನ್ನು ಬರೆದಾಳೆ? ದಿನಾಂಕ, ಸ್ಥಳ, ಸಾಕ್ಷಿಗಳೊಂದಿಗೆ ಸ್ಪಷ್ಟವಾದ ಒಂದು ಪುಟ ಬರೆಯುವುದೂ ಸಂವಹನ ಕೌಶಲವೇ.

ಗಿರಾಕಿಯೊಡನೆ ಸೌಜನ್ಯ, ಸಮಯಪಾಲನೆ, ಸಹೋದ್ಯೋಗಿಯ ಮಾತಿಗೆ ಕಿವಿಗೊಡುವುದು, ಇವು ಬೇಡವೆಂದು ನಾನು ಹೇಳುತ್ತಿಲ್ಲ. ಉದ್ಯೋಗದಾತರು ಇವನ್ನು ಬಯಸುವುದು ನ್ಯಾಯವೇ. ಆದರೆ ಕಾಲೇಜು ಉದ್ಯೋಗದಾತರಿಗೆ ಮಾತ್ರ ಋಣಿಯಲ್ಲ. ಮನೆಯಲ್ಲಿ ಮೊದಲ ಬಾರಿಗೆ ಸಂಬಳದ ಕೆಲಸಕ್ಕೆ ಹೊರಡುವ ವಿದ್ಯಾರ್ಥಿನಿಗೂ ಋಣಿ. ಅವಳಿಗೆ ವಿನಯವನ್ನು ಕಲಿಸುವ ಗುರು, ವಿನಯ ಎಲ್ಲಿ ಮುಗಿಯಬೇಕು ಎಂಬುದನ್ನೂ ಕಲಿಸಬೇಕು. ಮೊದಲು ಅವಳದೇ ಭಾಷೆಯಲ್ಲಿ. ಇಂಗ್ಲಿಷ್ ಆಮೇಲೆ ಬಂದೀತು.