ಅಂಗಳದ ಸಿಪ್ಪೆ, ಅಂಗಡಿಯ ಇಟ್ಟಿಗೆ

ತೆಂಗು ನಮ್ಮ ಜಿಲ್ಲೆಯ ಜೀವನಾಡಿ. 1916ರಲ್ಲಿ ಕಾಸರಗೋಡಿನಲ್ಲಿ ಸ್ಥಾಪನೆಗೊಂಡ ತೆಂಗು ಸಂಶೋಧನಾ ಕೇಂದ್ರವು 1970ರಲ್ಲಿ ಸಿ.ಪಿ.ಸಿ.ಆರ್.ಐ. ಎಂಬ ರಾಷ್ಟ್ರಮಟ್ಟದ ಸಂಸ್ಥೆಯಾಗಿ ರೂಪುಗೊಂಡಿತು. ಹೀಗಿದ್ದೂ ಅಂಗಳದಲ್ಲಿ ರಾಶಿ ಬಿದ್ದ ಸಿಪ್ಪೆಯನ್ನು ಬಚ್ಚಲಿನ ಒಲೆಗೆ ತುರುಕುವ ನಾವು, ಅದೇ ಸಿಪ್ಪೆಯ ಹುಡಿಯನ್ನು ಒತ್ತಿ ಮಾಡಿದ ಇಟ್ಟಿಗೆಯನ್ನು ಅಂಗಡಿಯಿಂದ ಹಣ ಕೊಟ್ಟು ತರುತ್ತಿದ್ದೇವೆ. ತಾರಸಿಯ ಮೇಲೆ ಬೆಂಡೆ, ಅಲಸಂಡೆ, ಬಸಳೆ ಬೆಳೆಯುವ ಉತ್ಸಾಹ ಸ್ವಾಗತಾರ್ಹವೇ. ಆದರೆ ತಿಂಗಳೊಪ್ಪತ್ತಿನಲ್ಲಿ ಗಿಡ ಹಳದಿಗಟ್ಟಿತು, ಹೂವು ಉದುರಿತು ಎಂಬ ದೂರು ಮನೆಮನೆಯಲ್ಲೂ ಕೇಳಿಬರುತ್ತಿದೆ. ದೋಷವಿರುವುದು ಬಹುಮಟ್ಟಿಗೆ ಇಟ್ಟಿಗೆಯಲ್ಲಲ್ಲ, ಅದನ್ನು ಬಳಸುವ ಕ್ರಮದಲ್ಲಿ.

ನಾರಿನ ಹುಡಿ ಮಣ್ಣೂ ಅಲ್ಲ, ಗೊಬ್ಬರವೂ ಅಲ್ಲ. ತನ್ನ ತೂಕದ ಹಲವು ಪಾಲು ನೀರನ್ನು ಅದು ಹಿಡಿದಿಡುತ್ತದೆ; ಬೇರಿಗೆ ಗಾಳಿಯಾಡಲೂ ಬಿಡುತ್ತದೆ; ಹಗುರವಾದುದರಿಂದ ತಾರಸಿಗೆ ಭಾರವಲ್ಲ. ಆದರೆ ಒಂದಿಷ್ಟು ಪೊಟ್ಯಾಷ್ ಹೊರತು ಗಿಡದ ಹೊಟ್ಟೆ ತುಂಬುವಂಥದು ಅದರಲ್ಲಿ ಏನೂ ಇಲ್ಲ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾದರೆ ಉಪ್ಪಿನಂಶವೂ ಸೇರಿರುತ್ತದೆ. ಆದ್ದರಿಂದ ಸಿಹಿನೀರಿನಲ್ಲಿ ನೆನೆಸಿ, ಬಸಿದು, ಕಂದು ಬಣ್ಣ ತಿಳಿಯಾಗುವ ತನಕ ಎರಡು ಮೂರು ಬಾರಿ ತೊಳೆಯಬೇಕು. ಅಷ್ಟಾದರೂ ಈ ಹುಡಿ ನಾವು ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಗಿಡಕ್ಕಿಂತ ಮೊದಲು ತಾನೇ ಹಿಡಿದುಕೊಳ್ಳುತ್ತದೆ. ಬಲ್ಲವರು ಅದನ್ನು ಮೊದಲೇ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಸಿ ಬಸಿಯುವುದು ಇದೇ ಕಾರಣಕ್ಕೆ.

ಮುಂದೆ ಗಿಡದ ಊಟವೆಲ್ಲ ನೀರಿನ ಮೂಲಕವೇ ಸಾಗಬೇಕು. ದ್ರವ ಗೊಬ್ಬರವನ್ನು ತೆಳುವಾಗಿ, ಪದೇ ಪದೇ ಕೊಡುವುದೇ ಕ್ರಮ. ಪ್ರತಿಬಾರಿಯೂ ಸ್ವಲ್ಪ ನೀರು ಕೆಳಗಿನ ತೂತಿನಿಂದ ಹೊರಬರಬೇಕು, ಇಲ್ಲವಾದರೆ ಕುಂಡದಲ್ಲಿ ಉಪ್ಪು ಕೂಡುತ್ತದೆ. ಆ ನೀರು ಬಾವಿ ಸೇರದಂತೆಯೂ ಎಚ್ಚರ ವಹಿಸಬೇಕು. ಕ್ಯಾಲ್ಸಿಯಂ ದ್ರಾವಣವನ್ನು ರಂಜಕ, ಗಂಧಕವಿರುವ ಗಟ್ಟಿ ದ್ರಾವಣದೊಂದಿಗೆ ಬೆರೆಸಿದರೆ ಎರಡೂ ಗಷ್ಟಾಗಿ ತಳ ಸೇರುವುದರಿಂದ ಗಿಡಕ್ಕೆ ಏನೂ ದಕ್ಕದು. ಮಳೆಗಾಲದಲ್ಲಿ ಬಯಲಿಗಿಟ್ಟ ಕುಂಡದ ಊಟವೆಲ್ಲ ಒಂದೇ ಮಳೆಗೆ ಕೊಚ್ಚಿಹೋಗುವುದರಿಂದ ಮಾಡಿನ ಆಸರೆ ಅವಶ್ಯ. ರಾಸಾಯನಿಕ ಒಲ್ಲದವರು ಹಿಂಡಿಯ ನೀರನ್ನು ಉಪಯೋಗಿಸಬಹುದು. ಆದರೆ ಅದನ್ನು ಜೀರ್ಣಿಸಿ ಬೇರಿಗೆ ಒದಗಿಸುವ ಜೀವಾಣುಗಳು ಬರಿಯ ಹುಡಿಯಲ್ಲಿ ಸಾಕಷ್ಟಿರುವುದಿಲ್ಲ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರವನ್ನು ಜೊತೆಗೆ ಸೇರಿಸಲೇಬೇಕು.

ಇದಾವುದೂ ಬ್ರಹ್ಮವಿದ್ಯೆಯಲ್ಲ. ಆದರೆ ಬಾಟಲಿಯ ಮೇಲಿನ ಇಂಗ್ಲಿಷ್ ಚೀಟಿಯನ್ನು ಓದಲಾರದ, ಮಲಯಾಳಂ ಆಡಲು ಬಂದರೂ ಅಕ್ಷರ ಹತ್ತದ ನಮ್ಮ ಹಿರಿಯ ತಾಯಂದಿರು ಅಳತೆಯನ್ನು ತಿಳಿಯುವುದೆಂತು? ಲೀಟರಿಗೆ 2 ಮಿಲಿಲೀಟರು ಎಂದಿರುವಲ್ಲಿ 20 ಸುರಿದರೆ ಬೇರು ಸುಟ್ಟುಹೋಗುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿಕೊಂಡು ನರಳಿದ ಜಿಲ್ಲೆ ನಮ್ಮದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಗಿಡದ ಪೋಷಕಾಂಶವನ್ನು ಆ ಕೀಟನಾಶಕಕ್ಕೆ ಹೋಲಿಸುವುದು ಸಲ್ಲದು. ಆದರೂ ಬಾಟಲಿಯಲ್ಲಿ ಏನಿದೆ, ಎಷ್ಟು ಬಳಸಬೇಕು ಎಂದು ತನ್ನ ಭಾಷೆಯಲ್ಲಿ ಓದಿ ತಿಳಿಯುವ ಅಗತ್ಯ ಇಲ್ಲಿನ ಜನರಿಗಿರುವಷ್ಟು ಇನ್ನಾರಿಗಿದೆ?

ಕೃಷಿ ಭವನಗಳು ಒಂದು ಪುಟದ ಕನ್ನಡ ಕರಪತ್ರವನ್ನು ಅಚ್ಚು ಹಾಕಿಸಿ ಹಂಚಿದರೆ ಸಾಕು, ನೂರಾರು ಮನೆಗಳ ಹಣವೂ ಶ್ರಮವೂ ಉಳಿದೀತು. ಸಿಪ್ಪೆಯನ್ನು ಊರಿನಲ್ಲೇ ಹುಡಿಮಾಡಿ, ತೊಳೆದು ಮಾರುವ ಕೆಲಸವನ್ನು ಕುಟುಂಬಶ್ರೀ ಘಟಕಗಳು ಕೈಗೆತ್ತಿಕೊಂಡರೆ ನಾಲ್ಕು ಕೈಗಳಿಗೆ ಉದ್ಯೋಗವೂ ದೊರೆತೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?